ಕೊಟ್ಟ ಕಾಗದ ನಮ್ಮದು, ತೀರ್ಪು ಕೆನಡಾದ್ದು: ಆಶ್ರಯ ಕೇಳಿದವರ ಅಪೀಲಿನ ಕಥೆ

ಇವತ್ತು ಒಂದು ಖಟ್ಲೆಯಿಂದಲೇ ಶುರು ಮಾಡೋಣ.

ಭಾರತದಲ್ಲಿ ಹುಟ್ಟಿದ ಟಿಬೆಟಿಯನ್ ಒಬ್ಬರು ಕೆನಡಾಕ್ಕೆ ಹೋಗಿ ಆಶ್ರಯ ಕೇಳ್ತಾರೆ. ಕೆನಡಾದವರು ಭಾರತದ ಪೌರತ್ವ ಕಾಯ್ದೆ ತೆಗೆದು ನೋಡ್ತಾರೆ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದ ನೆಲದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಭಾರತೀಯರು ಅಂತ ಅದರಲ್ಲಿದೆ. ಇವರು ಹುಟ್ಟಿದ್ದು ಆ ಅವಧಿಯಲ್ಲೇ. ಹಂಗಾದ್ರೆ ನಿಮಗೊಂದು ದೇಶ ಐತಿ, ರಕ್ಷಣೆ ಬೇಕಾದ್ರೆ ಅಲ್ಲೇ ಕೇಳ್ರಿ ಅಂತ ಅರ್ಜಿ ವಜಾ. ತಮಾಷೆ ಏನಂದ್ರೆ, ಟಿಬೆಟಿಯನ್ನರಿಗೆ ಭಾರತ ಸರ್ಕಾರ ಕೊಡುವ ನೋಂದಣಿ ಪತ್ರ ಇದೆಯಲ್ಲ, ಅದು ವಿದೇಶಿಯರಿಗೆ ಕೊಡುವಂಥದ್ದು. ಇಲ್ಲಿ ವಿದೇಶಿ, ಅಲ್ಲಿ ಹೋದರೆ ಭಾರತೀಯ. ಅವರು ಒಂದೊಂದೇ ಮೆಟ್ಟಿಲು ಹತ್ತಿ ಕೆನಡಾದ ಫೆಡರಲ್ ಮೇಲ್ಮನವಿ ಕೋರ್ಟಿನವರೆಗೆ ಹೋದರು. 2016ರಲ್ಲಿ ಅಲ್ಲೂ ಸೋತರು.

ಈ ಸೋಲಿನ ಹಿಂದೆ ದಿಲ್ಲಿ ಹೈಕೋರ್ಟಿನ ಒಂದು ಗೆಲುವಿದೆ. ಅದರ ಪಕ್ಕದಲ್ಲೇ ನಮ್ಮ ಕರ್ನಾಟಕ ಹೈಕೋರ್ಟಿನ ಒಂದು ತೀರ್ಪೂ ಇದೆ. ಅಲ್ಲಿಗೆ ಕೊನೆಗೆ ಬರ್ತೀನಿ. ಅದಕ್ಕೂ ಮೊದಲು, ಆಶ್ರಯ ಇಲ್ಲ ಅಂತ ಒಂದು ಸರ್ಕಾರ ಹೇಳಿದ ಮೇಲೆ 'ಇನ್ನೊಮ್ಮೆ ನೋಡ್ರಿ' ಅಂತ ಕೇಳೋಕೆ ಬೇರೆ ಬೇರೆ ದೇಶಗಳಲ್ಲಿ ಏನು ದಾರಿ ಇದೆ, ಆ ದಾರಿ ಹೇಗೆ ಹುಟ್ಟಿತು ಅನ್ನೋದನ್ನ ನೋಡಬೇಕು.

ಅಪೀಲು ಅಂದ್ರೆ ಏನು ಅಂತ ನಮ್ಮ ಭಾಗದ ಜನಕ್ಕೆ ಪಾಠ ಮಾಡೋ ಅಗತ್ಯ ಇಲ್ಲ. ಆಲಮಟ್ಟಿ, ನಾರಾಯಣಪುರ ಎರಡೂ ಅಣೆಕಟ್ಟಿನ ನೀರು ನಮ್ಮ ಹೊಲ ನುಂಗಿದೆ. ಭೂಸ್ವಾಧೀನ ಅಧಿಕಾರಿ ಎಕರೆಗೆ ಇಷ್ಟು ಅಂತ ಅವಾರ್ಡ್ ಬರೆದ. ಕಡಿಮೆ ಆಯ್ತು ಅಂದವರು 1894ರ ಕಾಯ್ದೆಯ 18ನೇ ಕಲಮಿನ ಅಡಿ, ನಿಗದಿ ಮಾಡಿದ ದಿನಗಳೊಳಗೆ ಅರ್ಜಿ ಕೊಟ್ಟು ಸಿವಿಲ್ ಕೋರ್ಟಿಗೆ ಹೋದರು. ದಿನ ತಪ್ಪಿದವರು ಕೈ ಕೈ ಹಿಚುಕಿಕೊಂಡರು. 1984ರಲ್ಲಿ ಆ ಕಾಯ್ದೆಗೆ 28ಎ ಅಂತ ಒಂದು ಕಲಮು ಸೇರಿತು: ಅದೇ ಅಧಿಸೂಚನೆಯಲ್ಲಿ ಹೊಲ ಕಳಕೊಂಡ ಪಕ್ಕದವನು ಕೋರ್ಟಿಗೆ ಹೋಗಿ ಹೆಚ್ಚು ದರ ಪಡೆದರೆ, ಹೋಗದೇ ಇದ್ದವನೂ ಮೂರು ತಿಂಗಳೊಳಗೆ ಅದೇ ದರ ಕೇಳಬಹುದು. ಇನ್ನು ಹೈಕೋರ್ಟು. 2008ರ ಜುಲೈಗಿಂತ ಮೊದಲು ಅದಕ್ಕೆ ಬೆಂಗಳೂರಿಗೇ ಹೋಗಬೇಕಿತ್ತು. ಆಮೇಲೆ ಕಲಬುರಗಿಗೆ ಸಂಚಾರಿ ಪೀಠ ಬಂತು. ಅಪೀಲಿನ ಹಕ್ಕು ಕಾಗದದ ಮೇಲೆ ಮೊದಲೂ ಇತ್ತು, ಆಮೇಲೂ ಇತ್ತು. ಬಸ್ ಚಾರ್ಜು, ಲಾಡ್ಜಿನ ಬಾಡಿಗೆ ಮಾತ್ರ ಬೇರೆ ಆಯ್ತು. ಹಕ್ಕಿನ ನಿಜವಾದ ಬೆಲೆ ಅಲ್ಲಿರೋದು.

ಇನ್ನೊಂದು ಮಾತು. ಪರಿಹಾರದ ಖಟ್ಲೆ ನಡೀತಿದೆ ಅಂತ ನೀರು ನಿಲ್ಲಲಿಲ್ಲ. ಖಟ್ಲೆ ಅದರ ಪಾಡಿಗೆ, ಹಿನ್ನೀರು ಅದರ ಪಾಡಿಗೆ. ಹತ್ತು ವರ್ಷ ಆದ ಮೇಲೆ ಗೆದ್ದರೂ ಬಡ್ಡಿ ಸಮೇತ ದುಡ್ಡಾದರೂ ಬರುತ್ತೆ. ಆದರೆ ಒಬ್ಬ ಮನುಷ್ಯನನ್ನ ವಿಮಾನ ಹತ್ತಿಸಿ, ಅವನು ಹೆದರಿ ಬಿಟ್ಟು ಬಂದ ಜಾಗಕ್ಕೇ ಇಳಿಸಿದ ಮೇಲೆ 'ನಿನ್ನ ಅಪೀಲು ಗೆದ್ದಿದೆ' ಅಂತ ಪತ್ರ ಬಂದರೆ? ಆ ಪತ್ರ ಯಾರ ವಿಳಾಸಕ್ಕೆ ಹೋಗಬೇಕು?

ನಿರಾಶ್ರಿತರ ವಿಷಯದಲ್ಲಿ ಜಗತ್ತಿನ ಮೂಲ ದಾಖಲೆ 1951ರ ಜಿನೀವಾ ಒಪ್ಪಂದ. ನಿರಾಶ್ರಿತ ಅಂದ್ರೆ ಯಾರು, ಅವನನ್ನ ಅಪಾಯದ ಕಡೆಗೆ ವಾಪಸ್ ತಳ್ಳಬಾರದು, ಇವೆಲ್ಲ ಅದರಲ್ಲಿವೆ. ಆದರೆ ಅರ್ಜಿ ಯಾರು ನೋಡಬೇಕು, ತಿರಸ್ಕರಿಸಿದರೆ ಎಲ್ಲಿಗೆ ಹೋಗಬೇಕು ಅನ್ನೋ ಬಗ್ಗೆ ಆ ಒಪ್ಪಂದ ಬಾಯೇ ಬಿಡಲ್ಲ. 26 ವರ್ಷ ಆದ ಮೇಲೆ, 1977ರಲ್ಲಿ, ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಸಂಸ್ಥೆಯ (ಯುಎನ್‌ಎಚ್‌ಸಿಆರ್) ಕಾರ್ಯಕಾರಿ ಸಮಿತಿ ಒಂದು ನಿರ್ಣಯ ಮಾಡಿತು: ಅರ್ಜಿ ತಿರಸ್ಕೃತವಾದವನಿಗೆ ಮರುಪರಿಶೀಲನೆ ಕೇಳೋಕೆ ಸಾಕಷ್ಟು ಸಮಯ ಕೊಡಬೇಕು, ಅದು ಮುಗಿಯುವ ತನಕ ದೇಶದಲ್ಲಿ ಇರಲು ಬಿಡಬೇಕು. ಚೆನ್ನಾಗಿದೆ. ಆದರೆ ಅದರ ಒಳಗೇ ಒಂದು ಕಿಂಡಿ ಉಳೀತು. ಆ ಮರುಪರಿಶೀಲನೆ ಅದೇ ಪ್ರಾಧಿಕಾರ ಮಾಡಬಹುದು, ಬೇರೆಯದೂ ಮಾಡಬಹುದು. ಕಚೇರಿ ಆಗಿರಬಹುದು, ಕೋರ್ಟೂ ಆಗಿರಬಹುದು. 'ಸಾಕಷ್ಟು ಸಮಯ' ಅಂದ್ರೆ ಎಷ್ಟು ದಿನ ಅಂತಲೂ ಇಲ್ಲ. ಇವತ್ತು ದೇಶದಿಂದ ದೇಶಕ್ಕೆ ಕಾಣುವ ವ್ಯತ್ಯಾಸ ಎಲ್ಲ ಆ ಕಿಂಡಿಯಿಂದ ಬಂದದ್ದು.

ಈಗ ಕೆನಡಾಕ್ಕೆ ಹೋಗೋಣ, ಯಾಕಂದ್ರೆ ಅಲ್ಲಿನ ಕಥೆಯಲ್ಲಿ ನಮ್ಮವರೇ ಇದ್ದಾರೆ. 1980ರ ಸುಮಾರಿಗೆ ಅಲ್ಲಿ ಆಶ್ರಯ ಕೇಳಿದವರನ್ನ ಒಬ್ಬ ಅಧಿಕಾರಿ ಪ್ರಶ್ನೆ ಮಾಡಿ ಬರೆದುಕೊಳ್ಳೋನು. ಆ ಬರಹ ಒಂದು ಸಲಹಾ ಸಮಿತಿಗೆ ಹೋಗೋದು. ಸಮಿತಿ ಅರ್ಜಿದಾರನ ಮುಖ ನೋಡ್ತಿರಲಿಲ್ಲ. ತಿರಸ್ಕಾರ ಆದ ಮೇಲೆ ಅಪೀಲು ಮಂಡಳಿ ಇತ್ತು, ಆದರೆ ಅದೂ ಮೊದಲು ಕಾಗದ ನೋಡಿ, ಗೆಲ್ಲುವ ಸಾಧ್ಯತೆ ಕಂಡರೆ ಮಾತ್ರ ಒಳಗೆ ಕರೆಯೋದು. ಇದನ್ನ ಪ್ರಶ್ನೆ ಮಾಡಿ ಏಳು ಜನ ಸುಪ್ರೀಂ ಕೋರ್ಟಿಗೆ ಹೋದರು. ಹೆಚ್ಚಿನವರು ಭಾರತದಿಂದ ಹೋದ ಸಿಖ್ಖರು. 1985ರ ಏಪ್ರಿಲ್ 4ರಂದು ತೀರ್ಪು ಬಂತು. ಸಿಂಗ್ ಪ್ರಕರಣ ಅಂತಲೇ ಹೆಸರಾಗಿದೆ. ಕೆನಡಾದ ನೆಲದ ಮೇಲೆ ಕಾಲಿಟ್ಟ ಯಾರಿಗೇ ಆದರೂ ನ್ಯಾಯಯುತ ವಿಚಾರಣೆಯ ಹಕ್ಕಿದೆ, ಒಬ್ಬನ ಮಾತು ನಂಬಬೇಕೋ ಬಿಡಬೇಕೋ ಅನ್ನೋದು ಪ್ರಶ್ನೆ ಆದಾಗ ಅವನನ್ನ ಎದುರಿಗೆ ಕೂರಿಸಿಕೊಂಡು ಕೇಳಲೇಬೇಕು ಅಂತ ತೀರ್ಮಾನ ಆಯ್ತು. ಈ ಒಂದು ತೀರ್ಪಿಗಾಗಿ ಕೆನಡಾ ತನ್ನ ವ್ಯವಸ್ಥೆಯನ್ನೇ ಬಿಚ್ಚಿ ಕಟ್ಟಿತು. 1989ರಲ್ಲಿ ವಲಸೆ ಮತ್ತು ನಿರಾಶ್ರಿತರ ಮಂಡಳಿ ಬಂತು. ಏಪ್ರಿಲ್ 4 ಅಲ್ಲಿ ಇವತ್ತಿಗೂ ನಿರಾಶ್ರಿತರ ಹಕ್ಕುಗಳ ದಿನ. ಪಂಜಾಬಿನ ಹಳ್ಳಿಗಳಿಂದ ಹೋದ ಕೆಲವರು ಇನ್ನೊಂದು ದೇಶದ ಕಾನೂನಿಗೆ ಕಿವಿ ಮೂಡಿಸಿದರು ಅನ್ನೋದನ್ನ ನಮ್ಮ ಶಾಲೆಯ ಪುಸ್ತಕದಲ್ಲಿ ಎಲ್ಲೂ ಓದಿಲ್ಲ ನಾವು.

ಅದೇ ಕೆನಡಾ ಇನ್ನೊಂದು ಆಟವನ್ನೂ ಆಡಿದೆ. 2001ರಲ್ಲಿ ಹೊಸ ಕಾಯ್ದೆ ಪಾಸಾಯ್ತು. ಅದರಲ್ಲಿ ನಿರಾಶ್ರಿತರಿಗಾಗಿಯೇ ಒಂದು ಮೇಲ್ಮನವಿ ವಿಭಾಗ ಅಂತ ಬರೆದಿದ್ದರು. ಕಾಯ್ದೆ 2002ರಲ್ಲಿ ಜಾರಿಗೆ ಬಂತು, ಮೇಲ್ಮನವಿ ವಿಭಾಗ ಬರಲಿಲ್ಲ. ಒಂದು ವರ್ಷ, ಎರಡು ವರ್ಷ ಅಲ್ಲ. ಅದು ಬಾಗಿಲು ತೆರೆದದ್ದು 2012ರ ಡಿಸೆಂಬರ್ 15ಕ್ಕೆ. ಅಷ್ಟೂ ವರ್ಷ ಉಳಿದ ದಾರಿ ಫೆಡರಲ್ ಕೋರ್ಟು. ಅದಕ್ಕೂ ಮೊದಲು ಕೋರ್ಟಿನ ಅನುಮತಿ ಬೇಕು, ಅನುಮತಿ ಯಾಕೆ ಕೊಡಲಿಲ್ಲ ಅಂತ ಕಾರಣವನ್ನೂ ಹೇಳಬೇಕಿಲ್ಲ. ಬಿ.ಕಾಂ. ಮಾಡಿದವನಿಗೆ ಇದನ್ನ ಕೇಳಿದ ಕೂಡಲೇ ನೆನಪಾಗೋದು ಜಿಎಸ್‌ಟಿ. 2017ರ ಕಾಯ್ದೆಯಲ್ಲೇ ಮೇಲ್ಮನವಿ ನ್ಯಾಯಮಂಡಳಿ ಇತ್ತು. ಅದರ ಮೊದಲ ಅಧ್ಯಕ್ಷರು ಪ್ರಮಾಣ ಸ್ವೀಕರಿಸಿದ್ದು 2024ರ ಮೇ ತಿಂಗಳಲ್ಲಿ. ಕಾಯ್ದೆಯಲ್ಲಿ ಇರೋದು ಬೇರೆ, ಕುರ್ಚಿ ಮೇಲೆ ಮನುಷ್ಯ ಇರೋದು ಬೇರೆ.

ಜಿಎಸ್‌ಟಿ ಮಾತು ಬಂತಲ್ಲ, ಅದನ್ನ ಇನ್ನೊಂದು ಕಡೆಗೂ ಎಳೀತೀನಿ. ನಮ್ಮ ಬಜಾರಿನ ಕಿರಾಣಿ ಅಂಗಡಿಯವರಿಗೆ ತೆರಿಗೆ ಆದೇಶ ತಪ್ಪು ಅನ್ನಿಸಿದರೆ ಅಪೀಲಿಗೆ ಮೂರು ತಿಂಗಳು ಇದೆ. ತಕರಾರಿನಲ್ಲಿರುವ ತೆರಿಗೆಯ ಶೇ 10 ಕಟ್ಟಿದರೆ ಉಳಿದದ್ದರ ವಸೂಲಿ ತಾನಾಗಿಯೇ ನಿಲ್ಲುತ್ತೆ. ಈಗ ಇದರ ಪಕ್ಕದಲ್ಲಿ ಇಂಗ್ಲೆಂಡಿನದೊಂದು ವ್ಯವಸ್ಥೆ ಇಟ್ಟು ನೋಡ್ರಿ. 2000ದ ನಂತರದ ವರ್ಷಗಳಲ್ಲಿ ಅಲ್ಲಿ 'ತ್ವರಿತ' ದಾರಿ ಅಂತ ಒಂದು ಮಾಡಿದರು. ಬೇಗ ತೀರ್ಮಾನ ಮಾಡಬಹುದು ಅಂತ ಅನ್ನಿಸಿದವರನ್ನ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಪಕ್ಕದ ಹಾರ್ಮಂಡ್ಸ್‌ವರ್ತ್‌ನಂಥ ಬಂಧನ ಕೇಂದ್ರದಲ್ಲಿ ಇಡೋದು, ಒಳಗೇ ಸಂದರ್ಶನ, ಒಳಗೇ ಆದೇಶ. ಅಪೀಲಿಗೆ ಎಷ್ಟು ಸಮಯ? ಎರಡು ಕೆಲಸದ ದಿನ. ಅಷ್ಟರಲ್ಲಿ ವಕೀಲರು ಸಿಗಬೇಕು, ದುಭಾಷಿ ಸಿಗಬೇಕು, ಊರಿಂದ ಕಾಗದ ತರಿಸಬೇಕು, ಮೈಮೇಲಿನ ಗಾಯಕ್ಕೆ ವೈದ್ಯರ ವರದಿ ಮಾಡಿಸಬೇಕು. ಕೈಯಲ್ಲಿ ಮೊಬೈಲಿದ್ದು ಊರ ತುಂಬ ನೆಂಟರಿದ್ದರೂ ನಮಗೆ ತಹಸೀಲ್ದಾರ ಕಚೇರಿಯಿಂದ ಒಂದು ಉತಾರ ತರೋಕೆ ಎರಡು ದಿನ ಸಾಲಲ್ಲ.

ಆ ವ್ಯವಸ್ಥೆ ಹತ್ತು ವರ್ಷಕ್ಕೂ ಹೆಚ್ಚು ನಡೀತು. 2015ರ ಜುಲೈ 29ಕ್ಕೆ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಆ ನಿಯಮಗಳು ರಚನೆಯಲ್ಲೇ ಅನ್ಯಾಯದ್ದು ಅಂತ ಹೇಳಿ ಕಿತ್ತುಹಾಕಿತು. ಒಬ್ಬಿಬ್ಬರಿಗೆ ತಪ್ಪಾಯ್ತು ಅಂತಲ್ಲ, ವೇಳಾಪಟ್ಟಿಯೇ ತಪ್ಪು ಅನ್ನೋದು ತೀರ್ಪಿನ ತಿರುಳು. ಇದು ನನಗೆ ಬಹಳ ಮುಖ್ಯ ಅನ್ನಿಸುತ್ತೆ. ಸಾಮಾನ್ಯ ದಾರಿಯಲ್ಲಿ ಅಲ್ಲಿ ಅಪೀಲಿಗೆ 14 ದಿನ. ಇತ್ತೀಚಿನ ವರ್ಷಗಳಲ್ಲಿ ಆ ದಾರಿಯಲ್ಲಿ ಹೋದ ಅಪೀಲುಗಳಲ್ಲಿ ಅರ್ಧದ ಆಸುಪಾಸು ಗೆದ್ದಿವೆ. ಅಂದ್ರೆ ಮೊದಲ ಸುತ್ತಿನಲ್ಲಿ ಇಲ್ಲ ಅಂದದ್ದರಲ್ಲಿ ಎಷ್ಟು ತಪ್ಪಿತ್ತು ಅಂತ ನೀವೇ ಲೆಕ್ಕ ಹಾಕಿ. ಆ ಲೆಕ್ಕ ಹೊರಬೀಳೋದಕ್ಕೂ ಅಪೀಲು ಬೇಕು.

ನಮ್ಮ 28ಎ ಕಲಮಿಗೆ ಹತ್ತಿರದ್ದೊಂದು ಅಲ್ಲಿದೆ, ಅದನ್ನೂ ಹೇಳಿಬಿಡ್ತೀನಿ. ಮೇಲಿನ ನ್ಯಾಯಮಂಡಳಿ ಒಂದು ದೇಶದ ಪರಿಸ್ಥಿತಿ ಬಗ್ಗೆ ಒಂದು ಪ್ರಕರಣ ಆರಿಸಿಕೊಂಡು, ಸಾಕ್ಷ್ಯ ಎಲ್ಲ ನೋಡಿ, ಮಾರ್ಗದರ್ಶಿ ತೀರ್ಪು ಕೊಡುತ್ತೆ. ಅದೇ ದೇಶದಿಂದ ಬಂದ ಮುಂದಿನವರಿಗೆ ಅದೇ ಅಳತೆ. ಒಬ್ಬನ ಖಟ್ಲೆಯ ಫಲ ಊರಿಗೆ. ಸೋತರೆ ಸೋಲೂ ಊರಿಗೇ, ಅದು ಬೇರೆ ಮಾತು.

ಭಾರತದವರಿಗೆ ಇಂಗ್ಲೆಂಡಿನಲ್ಲಿ ಇನ್ನೊಂದು ತೊಡಕಿತ್ತು. 2002ರ ಅಲ್ಲಿನ ಕಾಯ್ದೆಯಲ್ಲಿ ಕೆಲವು ದೇಶಗಳ ಪಟ್ಟಿ ಇದೆ. ಆ ದೇಶದವರು ಆಶ್ರಯ ಕೇಳಿದರೆ ಅದು ಮೇಲ್ನೋಟಕ್ಕೇ ಹುರುಳಿಲ್ಲದ್ದು ಅಂತ ಹಿಡಿಯೋದು, ಬೇರೆ ಅನ್ನಿಸಿದರೆ ಮಾತ್ರ ಬಿಡೋದು. ಹಾಗೆ ಷರಾ ಬಿದ್ದ ಮೇಲೆ ಅಪೀಲು ಇತ್ತು, ಆದರೆ ದೇಶ ಬಿಟ್ಟು ಹೊರಗೆ ಹೋದ ಮೇಲೆ ಹಾಕಬೇಕು. 2005ರಲ್ಲಿ ಭಾರತವೂ ಆ ಪಟ್ಟಿ ಸೇರಿತು. ಹಿನ್ನೀರಿನ ಮಾತು ನೆನಪಿದೆಯಲ್ಲ? ಮನೆ ಮುಳುಗಿದ ಮೇಲೆ ಬಂದು ತಕರಾರು ಹೇಳು ಅಂದ ಹಾಗೆ.

ಅಮೆರಿಕದಲ್ಲಿ ದಿನಗಳ ಸಮಸ್ಯೆ ಅಷ್ಟಿಲ್ಲ. ಅಪೀಲಿಗೆ 30 ದಿನದ ಲೆಕ್ಕ, ಮಂಡಳಿಯಲ್ಲಿ ಸೋತರೆ ಫೆಡರಲ್ ಸರ್ಕ್ಯೂಟ್ ಕೋರ್ಟಿಗೆ ಇನ್ನೊಂದು 30 ದಿನ. ಅಲ್ಲಿನ ಸಮಸ್ಯೆ ಬೇರೆ: ನ್ಯಾಯಾಧೀಶ ಅನ್ನಿಸಿಕೊಂಡವರು ಯಾರ ನೌಕರ? ವಲಸೆ ನ್ಯಾಯಾಧೀಶರು, ಅವರ ಮೇಲಿನ ಅಪೀಲು ಮಂಡಳಿ, ಎರಡೂ ನ್ಯಾಯ ಇಲಾಖೆಯ ಒಳಗೇ ಇವೆ. ಇಲಾಖೆಯ ಮುಖ್ಯಸ್ಥರಾದ ಅಟಾರ್ನಿ ಜನರಲ್ ಬೇಕಾದರೆ ಒಂದು ಪ್ರಕರಣವನ್ನ ತಮ್ಮ ಮೇಜಿಗೇ ತರಿಸಿಕೊಂಡು ತೀರ್ಪು ತಿರುಗಿಸಬಹುದು. 2002ರಲ್ಲಿ ಬಾಕಿ ಪ್ರಕರಣ ಕರಗಿಸುವ ಹೆಸರಲ್ಲಿ ಮಂಡಳಿಯ ಸದಸ್ಯರ ಸಂಖ್ಯೆಯನ್ನ 23ರಿಂದ 11ಕ್ಕೆ ಇಳಿಸುವ ಸುಧಾರಣೆ ಬಂತು. ಒಬ್ಬನೇ ಸದಸ್ಯ ಒಂದೇ ಸಾಲಿನಲ್ಲಿ 'ಕೆಳಗಿನ ಆದೇಶ ಸರಿ' ಅಂತ ಬರೆದು ಮುಗಿಸೋದು ಹೆಚ್ಚಾಯ್ತು. ಜನ ಸುಮ್ಮನಿರಲಿಲ್ಲ, ಫೆಡರಲ್ ಕೋರ್ಟುಗಳಿಗೆ ನುಗ್ಗಿದರು. 2007ರಲ್ಲಿ ಮೂವರು ಕಾನೂನು ಪ್ರಾಧ್ಯಾಪಕರು ಸೇರಿ ಅಂಕಿ ತೆಗೆದು ನೋಡಿದಾಗ, ಮಯಾಮಿಯ ಒಂದೇ ಕೋರ್ಟಿನಲ್ಲಿ ಕೊಲಂಬಿಯಾದಿಂದ ಬಂದವನಿಗೆ ಒಬ್ಬ ನ್ಯಾಯಾಧೀಶರ ಮುಂದೆ ಆಶ್ರಯ ಸಿಗುವ ಸಾಧ್ಯತೆ ಶೇ 5, ಇನ್ನೊಬ್ಬರ ಮುಂದೆ ಶೇ 88. ಪಗಡೆ ದಾಳ ಇದಕ್ಕಿಂತ ನ್ಯಾಯವಾಗಿ ಬೀಳುತ್ತೆ. ಮೇಲಾಗಿ ಸರ್ಕಾರ ವಕೀಲರನ್ನ ಕೊಡಲ್ಲ. ದುಡ್ಡಿದ್ದರೆ ಅಥವಾ ಪುಣ್ಯಾತ್ಮರು ಸಿಕ್ಕರೆ ಉಂಟು.

ಫ್ರಾನ್ಸಿನಲ್ಲಿ ಒಂದು ತಿಂಗಳ ಅವಕಾಶ. ಅಲ್ಲಿ 1952ರಿಂದಲೂ ಆಶ್ರಯಕ್ಕೆ ಅಂತಲೇ ಪ್ರತ್ಯೇಕ ಅಪೀಲು ಸಂಸ್ಥೆ ಇದೆ. ಮೂವರ ಪೀಠದಲ್ಲಿ ಒಬ್ಬರು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ನೇಮಿಸಿದವರು, ಅವರಿಗೂ ಮತ ಇದೆ. 2024ರ ಜನವರಿಯ ಕಾನೂನು ಒಬ್ಬನೇ ನ್ಯಾಯಾಧೀಶ ಕೂರೋದನ್ನ ರೂಢಿ ಮಾಡಿತು. ಜರ್ಮನಿಯಲ್ಲಿ ಸಾಮಾನ್ಯವಾಗಿ ಎರಡು ವಾರ. ಅರ್ಜಿ ಸ್ಪಷ್ಟವಾಗಿ ಹುರುಳಿಲ್ಲದ್ದು ಅಂತ ಷರಾ ಬಿದ್ದರೆ ಒಂದೇ ವಾರ, ಅಪೀಲು ಹಾಕಿದರೆ ಸಾಲದು, ಗಡಿಪಾರು ತಡೆಯೋಕೆ ಬೇರೆ ಅರ್ಜಿ ಹಾಕಬೇಕು.

ಇಷ್ಟೆಲ್ಲ ಹೇಳಿ ನಮ್ಮ ಮನೆ ಕಡೆ ನೋಡದೇ ಹೋದರೆ ಆಗಲ್ಲ.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು, ಅವರ ಹಿಂದೆ ಸಾವಿರಾರು ಜನ. 1960ರ ಕೊನೆಗೆ ಮೊದಲ ತಂಡ ಬೈಲಕುಪ್ಪೆಯ ಕಾಡಿಗೆ ಬಂದಿಳಿಯಿತು. ಆಗ ಮುಖ್ಯಮಂತ್ರಿ ಯಾರು ಗೊತ್ತಾ? ಬಿ.ಡಿ. ಜತ್ತಿ. ಜಮಖಂಡಿ ತಾಲ್ಲೂಕಿನ ಸಾವಳಗಿಯವರು, ಅಂದಿನ ಲೆಕ್ಕದಲ್ಲಿ ನಮ್ಮ ವಿಜಾಪುರ ಜಿಲ್ಲೆಯವರೇ. ಟಿಬೆಟಿಯನ್ನರು ಕೈ ಮುಗಿದು ನೆನೆಯೋದು ಮಾತ್ರ ಎಸ್. ನಿಜಲಿಂಗಪ್ಪ ಅವರನ್ನ, 1966ರಲ್ಲಿ ಮುಂಡಗೋಡದ ವಸಾಹತು ಆದದ್ದೂ ಅವರು ಮುಖ್ಯಮಂತ್ರಿಯಾಗಿದ್ದಾಗ. ಆಮೇಲೆ ಹುಣಸೂರು, ಕೊಳ್ಳೇಗಾಲ. ಕಾಡು ಕಡಿದು, ಆನೆ ಓಡಿಸಿ, ಜೋಳ ಬಿತ್ತಿದರು. ಚಳಿಗಾಲ ಬಂದರೆ ನಮ್ಮ ಕಡೆಯ ಊರುಗಳಲ್ಲಿ ಸ್ವೆಟರ್ ಅಂಗಡಿ ಹಾಕೋದು ಆ ಮಕ್ಕಳು, ಮೊಮ್ಮಕ್ಕಳೇ.

ಅಲ್ಲಿ ಯಾರೂ ಅರ್ಜಿ ಬರೆಯಲಿಲ್ಲ. ಯಾರನ್ನೂ ಎದುರಿಗೆ ಕೂರಿಸಿ 'ನಿನಗೆ ಯಾಕೆ ಭಯ' ಅಂತ ಕೇಳಲಿಲ್ಲ. ಸರ್ಕಾರ ಎಲ್ಲರಿಗೂ ಒಟ್ಟಿಗೆ ಬರ್ರಿ ಅಂತು, ನೆಲ ಕೊಡ್ತು. ಇದನ್ನ ಸಣ್ಣದು ಅಂತ ನಾನು ಹೇಳಲ್ಲ. ಹಾರ್ಮಂಡ್ಸ್‌ವರ್ತ್‌ನಲ್ಲಿ ಎರಡು ದಿನ ಎಣಿಸುತ್ತ ಕೂತವನನ್ನ ಕೇಳಿದರೆ ಬೈಲಕುಪ್ಪೆಯೇ ಸ್ವರ್ಗ ಅಂದಾನು. ಕೃಷ್ಣೆ ದಾಟಿ ಸಿಂಧನೂರಿಗೆ ಹೋದರೆ ಅಲ್ಲೂ ಅದೇ ಕಥೆ. 1971ರ ಆಸುಪಾಸಿಗೆ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಹಿಂದೂಗಳನ್ನ ತುಂಗಭದ್ರಾ ಎಡದಂಡೆ ಕಾಲುವೆಯ ನೆಲದಲ್ಲಿ ನೆಲೆ ನಿಲ್ಲಿಸಿದರು. ಆರ್.ಎಚ್. ಕ್ಯಾಂಪ್ ಎರಡು, ಮೂರು, ನಾಲ್ಕು ಅಂತ ಬಸ್ಸಿನವರು ಕೂಗ್ತಾರಲ್ಲ, ಅವೇ. ಭತ್ತ ಬೆಳೆದರು, ಕನ್ನಡ ಕಲಿತರು. ಆದರೆ ಅವರಲ್ಲಿ ಕೆಲವರ ಕೈಗೆ ಪೌರತ್ವದ ಕಾಗದ ಬಂದದ್ದು 2024ರಲ್ಲಿ, ಸಿಎಎ ನಿಯಮ ಜಾರಿ ಆದ ಮೇಲೆ. 50 ವರ್ಷ ದಾಟಿತ್ತು.

ನೆಲ ಕೊಟ್ಟರು, ಆದೇಶ ಕೊಡಲಿಲ್ಲ. ಹೂಂ ಅಂದದ್ದಕ್ಕೂ ಹೆಸರು ಹಾಕಿದ ಆದೇಶ ಇಲ್ಲ, ಇಲ್ಲ ಅಂದರೂ ಇಲ್ಲ. ಆದೇಶವೇ ಇಲ್ಲದ ಮೇಲೆ ಅಪೀಲು ಯಾವುದರ ಮೇಲೆ ಹಾಕ್ತೀರಿ? ಭಾರತ 1951ರ ಒಪ್ಪಂದಕ್ಕೆ ಸಹಿ ಮಾಡಿಲ್ಲ. ಆದರೆ 1977ರ ನಿರ್ಣಯ ಮಾಡಿತು ಅಂದೆನಲ್ಲ, ಆ ಕಾರ್ಯಕಾರಿ ಸಮಿತಿಯಲ್ಲಿ 1995ರಿಂದ ನಾವೂ ಸದಸ್ಯರು. ನಮ್ಮಲ್ಲಿ ನಡೆದದ್ದು 1946ರ ವಿದೇಶಿಯರ ಕಾಯ್ದೆ. ಅದರ 9ನೇ ಕಲಮಿನ ಪ್ರಕಾರ ನಾನು ವಿದೇಶಿ ಅಲ್ಲ ಅಂತ ಸಾಬೀತು ಮಾಡುವ ಹೊಣೆ ಆ ಮನುಷ್ಯನದೇ. ಟಿಬೆಟಿಯನ್ನರು, ಶ್ರೀಲಂಕಾ ತಮಿಳರ ವಿಷಯ ಸರ್ಕಾರ ನೋಡಿಕೊಂಡಿತು. ಅಫ್ಗಾನ್, ಮ್ಯಾನ್ಮಾರ್ ಕಡೆಯಿಂದ ಬಂದವರ ಅರ್ಜಿಯನ್ನ ದಿಲ್ಲಿಯ ಯುಎನ್‌ಎಚ್‌ಸಿಆರ್ ಕಚೇರಿ ನೋಡುತ್ತೆ. ಅಲ್ಲಿ ಇಲ್ಲ ಅಂದರೆ ಅಪೀಲೂ ಅದೇ ಕಚೇರಿಗೆ, ಬೇರೆ ಅಧಿಕಾರಿ ನೋಡ್ತಾರೆ ಅಷ್ಟೇ. 'ಅದೇ ಪ್ರಾಧಿಕಾರ ಮಾಡಬಹುದು' ಅನ್ನುವ ಕಿಂಡಿಯಲ್ಲಿ ಅದನ್ನ ಬರೆದ ಸಂಸ್ಥೆಯೇ ಕೂತಿದೆ.

ಉಳಿದದ್ದು ಸಂವಿಧಾನ. 21ನೇ ವಿಧಿ 'ವ್ಯಕ್ತಿ' ಅನ್ನುತ್ತೆ, 'ನಾಗರಿಕ' ಅನ್ನಲ್ಲ. ಆ ಒಂದು ಪದ ಹಿಡಿದು ಬಹಳ ಜನ ಬದುಕಿದ್ದಾರೆ. 1996ರಲ್ಲಿ ಅರುಣಾಚಲದ ಚಕ್ಮಾ ಜನರನ್ನ ಓಡಿಸಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಅದನ್ನೇ ಹಿಡಿದು. 1998ರಲ್ಲಿ ಗುಜರಾತ್ ಹೈಕೋರ್ಟ್, ಅಪಾಯ ಇರುವ ಕಡೆ ವಾಪಸ್ ಕಳಿಸಬಾರದು ಅನ್ನೋ ತತ್ವ 21ನೇ ವಿಧಿಯ ಒಳಗೇ ಇದೆ ಅಂತು. ಆದರೆ 2021ರ ಏಪ್ರಿಲ್‌ನಲ್ಲಿ ಜಮ್ಮುವಿನ ರೋಹಿಂಗ್ಯಾಗಳ ವಿಷಯದಲ್ಲಿ ಸುಪ್ರೀಂ ಕೋರ್ಟ್ ಗಡಿಪಾರು ತಡೆಯಲಿಲ್ಲ. ಕಾನೂನು ಕ್ರಮ ಪಾಲಿಸಿ ಕಳಿಸಬಹುದು, ಗಡಿಪಾರಾಗದೇ ಇರುವ ಹಕ್ಕು ನಾಗರಿಕರದ್ದು ಅಂತು. 2025ರ ಮೇನಲ್ಲಿ ಶ್ರೀಲಂಕಾ ತಮಿಳರೊಬ್ಬರ ಅರ್ಜಿ ಬಂದಾಗ ಭಾರತವೇನು ಧರ್ಮಶಾಲೆಯೇ ಅಂತ ಪೀಠ ಕೇಳಿತು. ಅಂದ್ರೆ ನಮ್ಮಲ್ಲಿ ಅಪೀಲು ಅನ್ನೋದು ರಿಟ್ ಅರ್ಜಿ. ಯಾವ ವರ್ಷ, ಯಾವ ಪೀಠ ಅನ್ನೋದರ ಮೇಲೆ ನಿಂತಿದೆ. ಮಯಾಮಿಯನ್ನ ನೋಡಿ ನಗೋ ಹಾಗಿಲ್ಲ.

ಈಗ ಮೊದಲಿನ ಖಟ್ಲೆಗೆ ಬರೋಣ. ದಿಲ್ಲಿ ಹೈಕೋರ್ಟಿಗೆ ನಾಮ್‌ಗ್ಯಾಲ್ ಡೋಲ್ಕರ್ ಅನ್ನೋ ಯುವತಿ ಹೋದರು. 1986ರಲ್ಲಿ ಹಿಮಾಚಲದಲ್ಲಿ ಹುಟ್ಟಿದವರು, ಪಾಸ್‌ಪೋರ್ಟ್ ಕೇಳಿದರೆ ಇಲ್ಲ ಅಂದಿದ್ದರು. 2010ರ ಡಿಸೆಂಬರ್ 22ಕ್ಕೆ ನ್ಯಾಯಮೂರ್ತಿ ಎಸ್. ಮುರಳೀಧರ್ ಅವರು, ಕಾಯ್ದೆ ಹೇಳಿದ ಅವಧಿಯಲ್ಲಿ ಇಲ್ಲಿ ಹುಟ್ಟಿದ ಮೇಲೆ ಇವರು ಭಾರತೀಯರೇ ಅಂತ ತೀರ್ಪು ಕೊಟ್ಟರು. 2013ರ ಆಗಸ್ಟ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಒಬ್ಬ ಟಿಬೆಟಿಯನ್ ರಿಂಪೋಚೆ ಅವರ ಅರ್ಜಿಯಲ್ಲಿ ಅದನ್ನೇ ಹೇಳಿತು. ಅದರ ಮೇಲೆ 2014ರ ಫೆಬ್ರುವರಿಯಲ್ಲಿ ಚುನಾವಣಾ ಆಯೋಗ, ಆ ಅವಧಿಯಲ್ಲಿ ಹುಟ್ಟಿದ ಟಿಬೆಟಿಯನ್ನರನ್ನ ಮತದಾರರ ಪಟ್ಟಿಗೆ ಸೇರಿಸ್ರಿ ಅಂತ ಬರೆಯಿತು. ಪಾಸ್‌ಪೋರ್ಟ್ ಮಾತ್ರ ಅಷ್ಟು ಸಲೀಸಾಗಲಿಲ್ಲ. 2016ರಲ್ಲಿ ದಿಲ್ಲಿ ಹೈಕೋರ್ಟ್ ಇನ್ನೊಮ್ಮೆ ಹೇಳಬೇಕಾಯ್ತು.

ಈ ತೀರ್ಪುಗಳು ಇಲ್ಲಿನ ಕಚೇರಿಯ ಕಿಟಕಿ ದಾಟೋಕೆ ಒದ್ದಾಡುತ್ತಿದ್ದಾಗ ಸಮುದ್ರ ದಾಟಿ ಆರಾಮಾಗಿ ಹೋಗಿಬಿಟ್ಟವು. ಕೆನಡಾದಲ್ಲಿ ಟಿಬೆಟಿಯನ್ನರ ಅರ್ಜಿಗೆ ಎದುರಾಗಿ ಸರ್ಕಾರದ ಕಡೆಯವರು ಇವನ್ನೇ ಓದಿದರು. ಅಲ್ಲಿನ ಫೆಡರಲ್ ಕೋರ್ಟಿನ ನ್ಯಾಯಮೂರ್ತಿಗಳಲ್ಲೇ ಒಮ್ಮತ ಇರಲಿಲ್ಲ. ಭಾರತದ ಅಧಿಕಾರಿಗಳು ಪಾಲಿಸದ ಪೌರತ್ವ ಪೌರತ್ವವೇ ಅಲ್ಲ ಅನ್ನೋರು ಕೆಲವರು, ಕಾಯ್ದೆಯಲ್ಲಿದೆ ಸಾಕು ಅನ್ನೋರು ಕೆಲವರು. 2016ರಲ್ಲಿ ಮೇಲ್ಮನವಿ ಕೋರ್ಟು ಒಂದು ಅಳತೆ ಹಾಕಿತು: ಪೌರತ್ವದ ಹಕ್ಕು ಚಲಾಯಿಸೋಕೆ ದೊಡ್ಡ ಅಡ್ಡಿ ಇದೆ ಅಂತ ತೋರಿಸಬೇಕು, ಅದನ್ನ ದಾಟೋಕೆ ತಕ್ಕಮಟ್ಟಿಗೆ ಪ್ರಯತ್ನ ಮಾಡಿದೆ ಅಂತಲೂ ತೋರಿಸಬೇಕು. ಈ ಅರ್ಜಿದಾರರು ಅದನ್ನ ತೋರಿಸಿಲ್ಲ ಅಂತ ವಜಾ. ಹತ್ತು ವರ್ಷ ಮೊದಲು, 2005 ಮತ್ತು 2006ರಲ್ಲಿ, ನ್ಯೂಯಾರ್ಕಿನ ಫೆಡರಲ್ ಮೇಲ್ಮನವಿ ಕೋರ್ಟು ಇಂಥದೇ ಪ್ರಕರಣಗಳಲ್ಲಿ, ಇವರು ಯಾವ ದೇಶದವರು ಅನ್ನೋದನ್ನೇ ಸರಿಯಾಗಿ ತೀರ್ಮಾನಿಸಿಲ್ಲ ಅಂತ ಕಡತವನ್ನ ಕೆಳಗೆ ವಾಪಸ್ ಕಳಿಸಿತ್ತು. ಒಂದೇ ಪ್ರಶ್ನೆ. ಒಂದು ಕಡೆ ಇನ್ನೊಂದು ಅವಕಾಶ, ಇನ್ನೊಂದು ಕಡೆ ಬಾಗಿಲು ಬಂದ್.

ಕೆನಡಾದ ತೀರ್ಪನ್ನ ಕಾನೂನಿನ ಪುಸ್ತಕ ಹಿಡಿದು ಸಮರ್ಥಿಸಬಹುದು. ಆದರೆ ಕಿಟಕಿಯ ಎದುರು ನಿಂತು ಅಭ್ಯಾಸ ಇರುವ ನಮ್ಮಂಥವರಿಗೆ 'ತಕ್ಕಮಟ್ಟಿಗೆ ಪ್ರಯತ್ನ' ಅನ್ನೋ ಮಾತು ಹಗುರ ಕಾಣಲ್ಲ. 2017ರಲ್ಲಿ ಭಾರತ ಸರ್ಕಾರ ಕೊನೆಗೂ ಪಾಸ್‌ಪೋರ್ಟ್ ಕೊಡ್ತೀವಿ ಅಂತು. ಜತೆಗೆ ಷರತ್ತು: ನೋಂದಣಿ ಪತ್ರ, ಗುರುತಿನ ಪುಸ್ತಕ ವಾಪಸ್ ಕೊಡಬೇಕು, ಟಿಬೆಟಿಯನ್ ಆಡಳಿತದಿಂದ ಬರುವ ಸೌಲಭ್ಯ ಬಿಡಬೇಕು, ಟಿಬೆಟಿಯನ್ ವಸಾಹತಿನಲ್ಲಿ ವಾಸ ಮಾಡಬಾರದು. ಅಂದ್ರೆ ಮುಂಡಗೋಡದಲ್ಲೇ ಹುಟ್ಟಿದವರು ಭಾರತೀಯರಾಗಬೇಕಾದರೆ ಮುಂಡಗೋಡದ ಮನೆ ಬಿಡಬೇಕು.

ಅಲ್ಲಿನ ಒಂದು ಮನೆ ಊಹಿಸಿಕೊಳ್ರಿ. ಅಜ್ಜ ಟಿಬೆಟಿನಲ್ಲಿ ಹುಟ್ಟಿ ನಡೆದು ಬಂದವರು, ವಿದೇಶಿ. ಮಗಳು 1970ರಲ್ಲಿ ಇಲ್ಲೇ ಹುಟ್ಟಿದವಳು, ಕಾಯ್ದೆಯಲ್ಲಿ ಭಾರತೀಯಳು, ಕೈಯಲ್ಲಿರೋದು ವಿದೇಶಿಯರ ಪತ್ರ. ಮೊಮ್ಮಗ 1995ರಲ್ಲಿ ಹುಟ್ಟಿದವನು. ಆ ಕಾಲದ ನಿಯಮದಲ್ಲಿ ತಂದೆ ತಾಯಿ ಇಬ್ಬರಲ್ಲಿ ಒಬ್ಬರು ಭಾರತೀಯರಾಗಿದ್ದರೆ ಸಾಕು, ಹಾಗಾಗಿ ಅವನೂ ಭಾರತೀಯ, ಅವನ ಕೈಯಲ್ಲೂ ಅದೇ ಪತ್ರ. ಅವನಿಗೆ 2015ರಲ್ಲಿ ಮಗು ಹುಟ್ಟಿದ್ದರೆ, 2004ರ ಡಿಸೆಂಬರ್ ಆದ ಮೇಲಿನ ನಿಯಮದ ಪ್ರಕಾರ ತಾಯಿಯ ಕಾಗದವನ್ನೂ ನೋಡಬೇಕು. ಒಂದೇ ಒಲೆಯ ಮುಂದೆ ಕೂತ ನಾಲ್ಕು ಜನ. ಇವರಲ್ಲಿ ಯಾರು ಕೆನಡಾಕ್ಕೆ ಹೋದರೂ ಅಲ್ಲಿನವರು ಕೇಳುವ ಮೊದಲ ಪ್ರಶ್ನೆಗೆ ನಾಲ್ಕು ಉತ್ತರ.

2025ರ ಸೆಪ್ಟೆಂಬರ್ 1ರಿಂದ ಹಳೆಯ ಕಾಯ್ದೆಗಳು ಹೋಗಿ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಬಂದಿದೆ. ಅದರ ಜತೆಗೇ ಒಂದು ವಿನಾಯಿತಿ ಆದೇಶ ಬಂತು. ಕಠ್ಮಂಡುವಿನ ಭಾರತೀಯ ರಾಯಭಾರ ಕಚೇರಿಯ ವಿಶೇಷ ಪರವಾನಗಿ ಹಿಡಿದು ಬಂದು ನೋಂದಣಿ ಮಾಡಿಸಿಕೊಂಡ ಟಿಬೆಟಿಯನ್ನರು, 2015ರ ಜನವರಿ 9ರವರೆಗೆ ಬಂದು ನೋಂದಣಿ ಆದ ಶ್ರೀಲಂಕಾ ತಮಿಳರು, ಹೀಗೆ ಕೆಲವರಿಗೆ ಪಾಸ್‌ಪೋರ್ಟ್, ವೀಸಾ ಇಲ್ಲದಿದ್ದರೂ ತೊಂದರೆ ಇಲ್ಲ. ಆ ಪಟ್ಟಿಯ ಹೊರಗೆ ಬಿದ್ದವರು ಆಶ್ರಯ ಕೇಳಿ ಅರ್ಜಿ ಕೊಡುವ ಕಿಟಕಿ ಹೊಸ ಕಾಯ್ದೆಯಲ್ಲೂ ಇಲ್ಲ. ಅವರಿಗೆ ಉಳಿದಿರೋದು ದಿಲ್ಲಿಯ ಆ ಕಚೇರಿ, ಇಲ್ಲದಿದ್ದರೆ ಹೈಕೋರ್ಟಿನ ರಿಟ್. ನಮ್ಮ ರಾಜ್ಯದಲ್ಲಿ ಹಿಡಿದವರನ್ನ ಇಡೋಕೆ ನೆಲಮಂಗಲದ ಹತ್ತಿರ ಸೊಂಡೆಕೊಪ್ಪದಲ್ಲಿ ಒಂದು ಕಟ್ಟಡ ಇದೆ. ಮೊದಲು ಅದು ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಆಗಿತ್ತು.